ಜೌಗುಗಾವಲಿನ ಬಿಳಿಹೂವು: ಗುಣವೂ ಎಚ್ಚರವೂ

ಇಂಗ್ಲೆಂಡಿನ ತಗ್ಗುನಾಡುಗಳಲ್ಲಿ, ಐರ್ಲೆಂಡಿನ ಹಳ್ಳಗಳ ಬದಿಯಲ್ಲಿ, ಉತ್ತರಕ್ಕೆ ಸ್ಕ್ಯಾಂಡಿನೇವಿಯದ ಹೊಳೆದಂಡೆಗಳವರೆಗೂ ಪೂರ್ವಕ್ಕೆ ರಷ್ಯದ ಬಯಲುಗಳವರೆಗೂ, ಜೂನ್ ತಿಂಗಳು ಮುಗಿಯುತ್ತ ಬರುವ ವೇಳೆಗೆ, ತೇವ ಆರದ ಹುಲ್ಲುಗಾವಲುಗಳಲ್ಲಿ ಸೊಂಟದೆತ್ತರಕ್ಕೆ ಬೆಳೆದು, ಕೆನೆಬಣ್ಣದ ಪುಟ್ಟ ಹೂಗಳ ಗೊಂಚಲನ್ನು ತುದಿಯಲ್ಲಿ ಹೊತ್ತು ನಿಲ್ಲುವ ಗಿಡವೊಂದುಂಟು. ಇಂಗ್ಲಿಷರು ಅದನ್ನು ಮೆಡೋಸ್ವೀಟ್ ಎಂದು ಕರೆಯುತ್ತಾರೆ. ಸಸ್ಯಶಾಸ್ತ್ರದಲ್ಲಿ ಅದಕ್ಕೆ ಇಂದು ಸಲ್ಲುವ ಹೆಸರು ಫಿಲಿಪೆಂಡುಲ ಉಲ್ಮೇರಿಯ. ಗುಲಾಬಿಯ ಕುಟುಂಬಕ್ಕೆ ಸೇರಿದ ಈ ಮೂಲಿಕೆಯನ್ನು ಲಿನ್ನೇಯಸ್ 1753ರಲ್ಲಿ ಸ್ಪೈರಿಯ ಎಂಬ ಜಾತಿಯಲ್ಲಿ ಇರಿಸಿದ್ದನು. ಆ ಹಳೆಯ ಹೆಸರನ್ನು ಓದುಗರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು. ಲೋಕಪ್ರಸಿದ್ಧವಾದ ಮಾತ್ರೆಯೊಂದಕ್ಕೂ ಅದಕ್ಕೂ ಸಂಬಂಧವಿದೆ.

ಹತ್ತಿರ ಹೋಗಿ ನೋಡಿದವರಿಗೆ ಈ ಗಿಡದ ಗುರುತು ಸುಲಭವಾಗಿ ಸಿಕ್ಕುತ್ತದೆ. ಕಾಂಡವು ನೀಳವಾಗಿ, ಉದ್ದಕ್ಕೂ ಸಣ್ಣ ಗೀರುಗಳುಳ್ಳದ್ದಾಗಿ, ಎಷ್ಟೋ ವೇಳೆ ಕೆಂಪು ಛಾಯೆಯನ್ನು ತಳೆದಿರುತ್ತದೆ. ಎಲೆಯ ನಡುದಂಟಿನ ಎರಡು ಪಕ್ಕಗಳಲ್ಲಿಯೂ ಹಲ್ಲಂಚಿನ ದೊಡ್ಡ ಕಿರುಎಲೆಗಳು ಜೋಡಿಜೋಡಿಯಾಗಿ ನಿಂತಿದ್ದು, ಒಂದೊಂದು ಜೋಡಿಯ ನಡುವೆಯೂ ಉಗುರಿನಷ್ಟು ಚಿಕ್ಕದಾದ ಎಲೆಗಳು ಮೂಡಿರುತ್ತವೆ. ಮೇಲ್ಮೈ ಕಡುಹಸುರು, ಮಗುಚಿದರೆ ತಳವು ಬಹುಮಟ್ಟಿಗೆ ಬಿಳಿಯ ನವುರು ರೋಮಗಳಿಂದ ಮುಚ್ಚಿರುತ್ತದೆ. ಹೂವಿಗೆ ಸಾಮಾನ್ಯವಾಗಿ ಐದೇ ಎಸಳುಗಳಾದರೂ, ಅವುಗಳನ್ನು ಮೀರಿ ಹೊರಚಾಚಿದ ಲೆಕ್ಕವಿಲ್ಲದ ಕೇಸರಗಳಿಂದಾಗಿ ಇಡೀ ಗೊಂಚಲು ನೊರೆಯುಕ್ಕಿದಂತೆ ಕಾಣುತ್ತದೆ. ಮಧುವಿನ ಪರಿಮಳವನ್ನು ಅಷ್ಟೊಂದು ಬೀರಿಯೂ ಈ ಹೂವಿನಲ್ಲಿ ಮಕರಂದವಿಲ್ಲವೆಂಬುದು ಸೋಜಿಗ. ನೊಣಗಳೂ ಜೇನುಗಳೂ ಇಲ್ಲಿಗೆ ಬರುವುದು ಪರಾಗಕ್ಕಾಗಿ ಮಾತ್ರ. ಹೂವಿನ ವಾಸನೆ ಒಂದು, ಎಲೆಯ ವಾಸನೆ ಬೇರೊಂದು. ಹೂವು ಜೇನು ಬಾದಾಮಿಗಳನ್ನು ನೆನಪಿಗೆ ತಂದರೆ, ಬೆರಳುಗಳ ನಡುವೆ ಹೊಸಕಿದ ಎಲೆಯಿಂದ ನೋವಿನ ಮುಲಾಮಿನ ಖಾರವಾದ ವಾಸನೆ ಏಳುತ್ತದೆ. ಇಂಗ್ಲೆಂಡಿನ ಹಳ್ಳಿಗರು ಈ ವ್ಯತ್ಯಾಸವನ್ನು ಗಮನಿಸಿ, ಗಿಡಕ್ಕೆ ‘ಪ್ರಣಯ ಮತ್ತು ದಾಂಪತ್ಯ’ ಎಂದು ವಿನೋದದ ಹೆಸರೊಂದನ್ನು ಇಟ್ಟಿದ್ದರು. ಆ ಖಾರವಾದ ವಾಸನೆಯಲ್ಲಿಯೇ ಈ ಮೂಲಿಕೆಯ ಗುಣವೂ ಇದೆ, ಅಪಾಯವೂ ಇದೆ.

ಮನುಷ್ಯನಿಗೂ ಈ ಗಿಡಕ್ಕೂ ಇರುವ ನಂಟು ಇತಿಹಾಸಕ್ಕಿಂತ ಹಳೆಯದು. ಸ್ಕಾಟ್ಲೆಂಡಿನ ಫೈಫ್ ಪ್ರಾಂತದ ಆಶ್‌ಗ್ರೋವ್ ಎಂಬಲ್ಲಿಯೂ, ವೇಲ್ಸ್ ನಾಡಿನ ಫಾನ್ ಫೋಯೆಲ್ ಎಂಬ ಬೆಟ್ಟದ ತಲೆಯಲ್ಲಿಯೂ, ಸುಮಾರು 4000 ವರ್ಷಗಳ ಹಿಂದಿನ ಕಂಚಿನ ಯುಗದ ಸಮಾಧಿಗಳನ್ನು ಅಗೆದ ಪುರಾತತ್ತ್ವಜ್ಞರಿಗೆ, ಮೃತರ ಅವಶೇಷಗಳ ಬಳಿಯಲ್ಲಿ ಮೆಡೋಸ್ವೀಟಿನ ಪರಾಗಕಣಗಳು ದೊರೆತಿವೆ. ಅದು ಸಮಾಧಿಯಲ್ಲಿಟ್ಟ ಜೇನುಮದ್ಯದ ಶೇಷವೋ, ಸತ್ತವರ ಮೇಲೆ ಹರಡಿದ ಹೂವಿನ ಗುರುತೋ ಎಂಬ ಚರ್ಚೆ ವಿದ್ವಾಂಸರಲ್ಲಿ ನಡೆದೇ ಇದೆ. ಎರಡನೆಯ ಊಹೆಯೇ ನನ್ನ ಮನಸ್ಸಿಗೆ ಹೆಚ್ಚು ಒಪ್ಪುತ್ತದೆ. ವೇಲ್ಸಿನ ಪ್ರಾಚೀನ ಕಥೆಗಳಾದ ಮಾಬಿನೋಗಿಯಲ್ಲಿ, ಮಾನವಸ್ತ್ರೀಯನ್ನು ವರಿಸಕೂಡದೆಂಬ ಶಾಪಕ್ಕೆ ಗುರಿಯಾದ ವೀರನೊಬ್ಬನಿಗಾಗಿ ಇಬ್ಬರು ಮಾಂತ್ರಿಕರು ಓಕ್, ಬ್ರೂಮ್, ಮೆಡೋಸ್ವೀಟ್ ಈ ಮೂರರ ಹೂಗಳಿಂದ ಒಬ್ಬ ಕನ್ಯೆಯನ್ನು ಸೃಷ್ಟಿಸುತ್ತಾರೆ. ಜನರ ಕಲ್ಪನೆಯಲ್ಲಿ ಈ ಹೂವಿಗೆ ಎಂಥ ಸ್ಥಾನವಿತ್ತೆಂಬುದಕ್ಕೆ ಅಷ್ಟು ಸಾಕ್ಷ್ಯ ಸಾಕು.

ಔಷಧವಾಗುವುದಕ್ಕೆ ಮೊದಲು, ಅಥವಾ ಔಷಧವಾಗಿರುವಾಗಲೇ, ಮೆಡೋಸ್ವೀಟ್ ಮನೆಯ ನೆಲಕ್ಕೆ ಹಾಸುವ ಗಿಡವಾಗಿತ್ತು. ಹದಿನಾರನೆಯ ಶತಮಾನದ ಇಂಗ್ಲೆಂಡಿನಲ್ಲಿ ಶ್ರೀಮಂತರ ಮನೆಗಳಲ್ಲಿಯೂ ನೆಲದ ಮೇಲೆ ಜೊಂಡುಹುಲ್ಲನ್ನು ಹರಡಿ, ಅದು ಕೊಳೆತು ನಾರುವವರೆಗೂ ಬಿಟ್ಟಿರುವ ರೂಢಿಯಿತ್ತು. ದುರ್ಗಂಧದಿಂದಲೇ ವ್ಯಾಧಿ ಹರಡುವುದೆಂದು ನಂಬಿದ್ದ ಆ ಕಾಲದವರು ಹುಲ್ಲಿನ ಜೊತೆಗೆ ಸುಗಂಧದ ಎಲೆ ಹೂಗಳನ್ನೂ ಬೆರೆಸುತ್ತಿದ್ದರು. ಶಸ್ತ್ರವೈದ್ಯನೂ ತೋಟಗಾರನೂ ಆಗಿದ್ದ ಜಾನ್ ಜೆರಾರ್ಡ್ 1597ರಲ್ಲಿ ಅಚ್ಚಾದ ತನ್ನ ಮೂಲಿಕಾಗ್ರಂಥದಲ್ಲಿ, ಬೇಸಗೆಯಲ್ಲಿ ಕೋಣೆಗಳಿಗೂ ಔತಣದ ಶಾಲೆಗಳಿಗೂ ಹರಡಲು ಇದಕ್ಕಿಂತ ಮಿಗಿಲಾದ ಗಿಡವಿಲ್ಲವೆಂದೂ, ಬೇರೆ ಕೆಲವು ಸುಗಂಧಗಳಂತೆ ಇದು ತಲೆನೋವನ್ನಾಗಲಿ ಅನ್ನದ್ವೇಷವನ್ನಾಗಲಿ ತಾರದೆಂದೂ ಹೊಗಳಿದ್ದಾನೆ. ಒಂದನೆಯ ಎಲಿಜಬೆತ್ ರಾಣಿಯು ತನ್ನ ಅಂತಃಪುರಕ್ಕೆ ಇದನ್ನೇ ವಿಶೇಷವಾಗಿ ಬಯಸುತ್ತಿದ್ದಳೆಂದು 1640ರಲ್ಲಿ ಜಾನ್ ಪಾರ್ಕಿನ್‌ಸನ್ ಬರೆದನು. ಬೀರು, ದ್ರಾಕ್ಷಾರಸ, ಜೇನುಮದ್ಯಗಳಿಗೆ ರುಚಿ ಕೂಡಿಸಲು ಹೂವನ್ನು ನೆನೆಹಾಕುವುದು ಇವೆಲ್ಲಕ್ಕಿಂತ ಹಳೆಯ ಪದ್ಧತಿ.

ಮನೆವೈದ್ಯದಲ್ಲಿ ಇದರ ಬಳಕೆ ನಾಲ್ಕಾರು ದಾರಿಗಳಲ್ಲಿ ನಡೆದುಬಂದಿದೆ. ಶೀತ, ಚಳಿಜ್ವರಗಳಲ್ಲಿ ಮೈ ಬೆವರಿಸಲು ಹೂವಿನ ಬಿಸಿ ಕಷಾಯ. ಕೀಲುಗಳ ಹಿಡಿತಕ್ಕೂ ನೋವಿಗೂ ಅದೇ ಕಷಾಯ ಅಥವಾ ಅದರಲ್ಲಿ ನೆನೆಸಿದ ಬಟ್ಟೆಯ ಕಟ್ಟು. ಹುಳಿತೇಗು, ಹೊಟ್ಟೆಯುರಿಗಳಿಗೆ ಎಲೆ ಹೂಗಳ ಕಷಾಯ. ಭೇದಿಗೆ, ವಿಶೇಷವಾಗಿ ಮಕ್ಕಳ ಭೇದಿಗೆ, ಒಗರು ಹೆಚ್ಚಾಗಿರುವ ಬೇರು ಮತ್ತು ಎಲೆ. ಈ ಕೊನೆಯ ಉಪಯೋಗವನ್ನು ಇಂದು ಯಾರೂ ಅನುಸರಿಸಕೂಡದು. ಏಕೆಂಬುದನ್ನು ಮುಂದೆ ಹೇಳುತ್ತೇನೆ. ಕಷಾಯವೆಂದರೂ ನಮ್ಮಲ್ಲಿಯಂತೆ ಎಂಟನೆಯ ಒಂದು ಭಾಗ ಉಳಿಯುವವರೆಗೆ ಕುದಿಸಿ ಬತ್ತಿಸುವುದಲ್ಲ. ನೆರಳಿನಲ್ಲಿ, ಗಾಳಿಯಾಡುವ ಕಡೆ, ತೆಳ್ಳಗೆ ಹರಡಿ ಒಣಗಿಸಿದ ಹೂವನ್ನು ಬಟ್ಟಲಲ್ಲಿ ಹಾಕಿ, ಕುದಿದು ಇಳಿಸಿದ ನೀರನ್ನು ಮೇಲೆ ಸುರಿದು, ಆವಿ ಹಾರಿಹೋಗದಂತೆ ತಟ್ಟೆ ಮುಚ್ಚಿ, ಹತ್ತು ನಿಮಿಷದ ತರುವಾಯ ಸೋಸಿ ಕುಡಿಯುವುದು ಅಲ್ಲಿಯ ಕ್ರಮ. ಬಿಸಿಲಿಗೆ ಹಾಕಿದರೆ ಹೂವು ಕಂದುಬಣ್ಣಕ್ಕೆ ತಿರುಗಿ ವಾಸನೆ ಕುಂದುತ್ತದೆ. ಚೆನ್ನಾಗಿ ಒಣಗಿದ ಹೂವಾದರೆ ನೀರು ಬಿದ್ದ ಕ್ಷಣವೇ ಬಾದಾಮಿಯ ಗಂಧ ಮೇಲಕ್ಕೇಳುತ್ತದೆ, ಬಟ್ಟಲಿನ ನೀರು ತಿಳಿಹಳದಿಯಾಗುತ್ತದೆ, ರುಚಿಯಲ್ಲಿ ಮೊದಲು ಸಿಹಿಯ ಸುಳಿವು ಕಂಡು, ಹಿಂದೆಯೇ ಒಗರು ನಾಲಗೆಯನ್ನು ಹಿಡಿಯುತ್ತದೆ.

ನೂರಾರು ವರ್ಷ ಬಳಕೆಯಲ್ಲಿದ್ದ ವಸ್ತುವನ್ನು ನಾವು ಎರಡು ವಿಧವಾಗಿ ತಪ್ಪಾಗಿ ತೂಗುವುದುಂಟು. ಹಳೆಯದೆಂಬ ಒಂದೇ ಕಾರಣಕ್ಕೆ ತಳ್ಳಿಹಾಕುವುದು ಒಂದು ತಪ್ಪು. ಹಳೆಯದೆಂಬ ಒಂದೇ ಕಾರಣಕ್ಕೆ ನಿರಪಾಯವೆಂದು ನಂಬುವುದು, ನನ್ನ ಎಣಿಕೆಯಲ್ಲಿ, ಅದಕ್ಕಿಂತ ದೊಡ್ಡ ತಪ್ಪು. ಕುಡಿದೊಡನೆ ವಾಂತಿಯಾದರೆ, ಚರ್ಮಕ್ಕೆ ತಗುಲಿದೊಡನೆ ಬೊಕ್ಕೆ ಎದ್ದರೆ, ಹಳ್ಳಿಯ ಅಜ್ಜಿಯ ಕಣ್ಣು ಅದನ್ನು ಎಂದೂ ತಪ್ಪಿಸಿಕೊಳ್ಳುತ್ತಿರಲಿಲ್ಲ; ಆದರೆ ಸಾವಿರದಲ್ಲಿ ಒಬ್ಬರಿಗೆ, ಎಷ್ಟೋ ದಿನಗಳ ಮೇಲೆ, ಬೇರೊಂದು ಔಷಧದ ಸಹವಾಸದಲ್ಲಿ ಮಾತ್ರ ಸಂಭವಿಸುವ ಕೆಡುಕನ್ನು ಒಂದು ಹಳ್ಳಿಯ ಅನುಭವದಿಂದ ಕಂಡುಹಿಡಿಯಲು ಸಾಧ್ಯವೇ ಇಲ್ಲ. ಮೆಡೋಸ್ವೀಟಿನ ವಿಷಯದಲ್ಲಿ ಪರಂಪರೆ ಮತ್ತು ರಸಾಯನಶಾಸ್ತ್ರಗಳೆರಡೂ ಒಂದೇ ಗಿಡದ ಮೇಲೆ ಸಂಧಿಸಿರುವುದರಿಂದ, ಈ ವಿವೇಚನೆಗೆ ಇದಕ್ಕಿಂತ ಯೋಗ್ಯವಾದ ಉದಾಹರಣೆ ದೊರೆಯುವುದು ಕಷ್ಟ.

ಆ ರಸಾಯನಶಾಸ್ತ್ರದ ಕಥೆ ಪ್ರಾರಂಭವಾಗುವುದು ಬೇರೊಂದು ಮರದಿಂದ. ಇಂಗ್ಲೆಂಡಿನ ಚಿಪಿಂಗ್ ನಾರ್ಟನ್ ಊರಿನ ಪಾದ್ರಿ ಎಡ್ವರ್ಡ್ ಸ್ಟೋನ್, ವಿಲ್ಲೋ ಮರದ ತೊಗಟೆಯನ್ನು ಒಣಗಿಸಿ ಪುಡಿಮಾಡಿ, ಚಳಿಜ್ವರದಿಂದ ನರಳುತ್ತಿದ್ದ ಸುಮಾರು 50 ಮಂದಿಗೆ ಕೊಟ್ಟು ಫಲ ಕಂಡುದನ್ನು 1763ರಲ್ಲಿ ರಾಯಲ್ ಸೊಸೈಟಿಗೆ ಪತ್ರಮುಖೇನ ತಿಳಿಸಿದನು. ಆ ತೊಗಟೆಯಿಂದ ಸ್ಯಾಲಿಸಿನ್ ಎಂಬ ಕಹಿವಸ್ತುವನ್ನು ಮ್ಯೂನಿಕ್ಕಿನ ಯೊಹಾನ್ ಬುಖ್ನರ್ 1828ರಲ್ಲಿ ಬೇರ್ಪಡಿಸಿದನು. ಇನ್ನೊಂದು ಕಡೆ, ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಔಷಧಿಕಾರ ಪಾಗೆನ್‌ಷ್ಟೆಖರ್, 1830ರ ದಶಕದ ಆದಿಯಲ್ಲಿ ಮೆಡೋಸ್ವೀಟಿನ ಹೂವನ್ನು ಭಟ್ಟಿಯಿಳಿಸಿ ಸುಗಂಧತೈಲವೊಂದನ್ನು ಪಡೆದಿದ್ದನು. ಕಾರ್ಲ್ ಲೋವಿಗ್ ಎಂಬ ಜರ್ಮನ್ ರಸಾಯನಜ್ಞ 1835ರಲ್ಲಿ ಆ ತೈಲದಿಂದ ಒಂದು ಆಮ್ಲವನ್ನು ಸಿದ್ಧಪಡಿಸಿ, ಗಿಡದ ಅಂದಿನ ಹೆಸರಿನ ಮೇಲೆಯೇ ಅದಕ್ಕೆ ‘ಸ್ಪೈರ್ ಆಮ್ಲ’ವೆಂದು ನಾಮಕರಣ ಮಾಡಿದನು. ಮೂರು ವರ್ಷಗಳ ತರುವಾಯ ಪ್ಯಾರಿಸ್ಸಿನಲ್ಲಿ ಕೆಲಸಮಾಡುತ್ತಿದ್ದ ಇಟಲಿಯ ರಫಾಯೆಲೆ ಪಿರಿಯ ವಿಲ್ಲೋ ತೊಗಟೆಯ ಸ್ಯಾಲಿಸಿನ್ನಿನಿಂದ ಸ್ಯಾಲಿಸಿಲಿಕ್ ಆಮ್ಲವನ್ನು ಪಡೆದನು. ಹೊಳೆಯ ಬದಿಯ ಮರವೊಂದು, ಗಾವಲಿನ ಮೂಲಿಕೆಯೊಂದು. ಎರಡರಿಂದಲೂ ಹೊರಬಂದ ಆಮ್ಲ ಒಂದೇ ಎಂಬುದು ಆಮೇಲೆ ಸ್ಥಿರವಾಯಿತು.

1870ರ ದಶಕದಲ್ಲಿ ಈ ಆಮ್ಲವನ್ನು ಗಿಡದ ಹಂಗಿಲ್ಲದೆ ಡ್ರೆಸ್ಡೆನ್ ಬಳಿಯ ಕಾರ್ಖಾನೆಯಲ್ಲಿ ರಾಶಿರಾಶಿಯಾಗಿ ತಯಾರಿಸುವುದು ಸಾಧ್ಯವಾಯಿತು. ನೋವು ಜ್ವರಗಳನ್ನು ಅದು ತಗ್ಗಿಸಿತು, ನಿಜ. ಆದರೆ ಬಾಯಿ ಹೊಟ್ಟೆಗಳನ್ನು ಸುಡುತ್ತಿದ್ದ ಆ ಮದ್ದನ್ನು ದೀರ್ಘಕಾಲ ಸೇವಿಸುವುದು ರೋಗಿಗಳಿಗೆ ದುಸ್ಸಹವಾಗಿತ್ತು. ಬೇಯರ್ ಕಂಪನಿಯ ಪ್ರಯೋಗಾಲಯದಲ್ಲಿ 1897ರ ಆಗಸ್ಟ್ ತಿಂಗಳಲ್ಲಿ ಫೆಲಿಕ್ಸ್ ಹೋಫ್‌ಮನ್ ಅದಕ್ಕೆ ಅಸಿಟೈಲ್ ಎಂಬ ಗುಂಪೊಂದನ್ನು ಜೋಡಿಸಿ ಶುದ್ಧರೂಪದಲ್ಲಿ ಪಡೆದನು. ಆ ಕಾರ್ಯಕ್ಕೆ ನಿಜವಾದ ಪ್ರೇರಣೆ ತನ್ನದೆಂದು ಅವನ ಸಹೋದ್ಯೋಗಿ ಆರ್ತುರ್ ಐಖೆನ್‌ಗ್ರೂನ್ ಎಷ್ಟೋ ವರ್ಷಗಳ ಮೇಲೆ ಹೇಳಿಕೊಂಡನು. 1899ರಲ್ಲಿ ಮಾರುಕಟ್ಟೆಗೆ ಬಂದ ಆ ಪುಡಿಗೆ ಆಸ್ಪಿರಿನ್ ಎಂದು ಹೆಸರಾಯಿತು. ಅದರ ನಡುವಿನ ‘ಸ್ಪಿರ್’ ಎಂಬುದೇ ನಮ್ಮ ಜೌಗುಗಾವಲಿನ ಗಿಡದ ಪೂರ್ವನಾಮದ ಅಂಶ.

ಇಷ್ಟನ್ನು ಅರಿತವರು ಸಾಮಾನ್ಯವಾಗಿ ಮಾಡುವ ಮುಂದಿನ ತರ್ಕವೇ ಅನರ್ಥಕ್ಕೆ ಮೂಲ. ಮೆಡೋಸ್ವೀಟನ್ನು ‘ಸಹಜವಾದ ಆಸ್ಪಿರಿನ್’ ಎಂದು ಕೊಂಡಾಡುವವರು ಅನೇಕರಿದ್ದಾರೆ. ಗಿಡದಲ್ಲಿ ಆಸ್ಪಿರಿನ್ ಇಲ್ಲ. ಅಲ್ಲಿರುವುದು ಸ್ಯಾಲಿಸಿಲಾಲ್ಡಿಹೈಡ್, ಮಿಥೈಲ್ ಸ್ಯಾಲಿಸಿಲೇಟ್ ಎಂಬ ವಸ್ತುಗಳು, ಅವುಗಳಲ್ಲಿಯೂ ಬಹುಭಾಗ ಸಕ್ಕರೆಯೊಡನೆ ಬೆಸೆದ ರೂಪದಲ್ಲಿ. ಗಿಡ ಜಜ್ಜಿದಾಗ, ಒಣಗಿದಾಗ ಆ ಬೆಸುಗೆ ಬಿಚ್ಚಿ ವಾಸನೆ ಹೊರಬೀಳುತ್ತದೆ. ಶರೀರದೊಳಗೆ ಇವು ಕ್ರಮೇಣ ಸ್ಯಾಲಿಸಿಲಿಕ್ ಆಮ್ಲವಾಗಿ ಮಾರ್ಪಡುತ್ತವೆ. ಅಸಿಟೈಲ್ ಗುಂಪು ಮಾತ್ರ ಇವುಗಳಲ್ಲಿ ಇಲ್ಲ. ಆ ಸಣ್ಣ ವ್ಯತ್ಯಾಸದ ಮಹತ್ವ 1971ರಲ್ಲಿ ಲಂಡನ್ನಿನ ಜಾನ್ ವೇನ್, ಆಸ್ಪಿರಿನ್ ದೇಹದಲ್ಲಿ ಪ್ರೋಸ್ಟಗ್ಲಾಂಡಿನ್‌ ಎಂಬ ವಸ್ತುಗಳ ಉತ್ಪತ್ತಿಯನ್ನು ತಡೆಯುವುದೆಂದು ತೋರಿಸಿದ ತರುವಾಯ ಸ್ಪಷ್ಟವಾಗುತ್ತ ಹೋಯಿತು. ಆ ಸಂಶೋಧನೆಗೆ ಅವನು 1982ರ ನೊಬೆಲ್ ಬಹುಮಾನದಲ್ಲಿ ಪಾಲುಗಾರನಾದನು. ಆಸ್ಪಿರಿನ್ ತನ್ನ ಅಸಿಟೈಲ್ ಗುಂಪನ್ನು ರಕ್ತದ ಪ್ಲೇಟ್‌ಲೆಟ್ಟುಗಳ ಕಿಣ್ವವೊಂದಕ್ಕೆ ಅಂಟಿಸಿ, ಆ ಪ್ಲೇಟ್‌ಲೆಟ್ಟಿನ ಎಂಟು ಹತ್ತು ದಿನದ ಬಾಳು ಮುಗಿಯುವವರೆಗೂ ಅದರ ಹೆಪ್ಪುಗಟ್ಟಿಸುವ ಶಕ್ತಿಯನ್ನು ಕುಂದಿಸುತ್ತದೆ. ಮೆಡೋಸ್ವೀಟಿಗೆ ಆ ಸಾಮರ್ಥ್ಯವಿಲ್ಲ. ಆದಕಾರಣ, ಹೃದಯಾಘಾತವಾದ ಮೇಲೆ ವೈದ್ಯರು ಬರೆದುಕೊಟ್ಟ 75 ಮಿಲಿಗ್ರಾಮಿನ ಚಿಕ್ಕ ಮಾತ್ರೆಯನ್ನು ಬಿಟ್ಟು, ‘ಇದೂ ಅದೇ ತಾನೆ’ ಎಂದು ಹೂವಿನ ಕಷಾಯಕ್ಕೆ ತಿರುಗಿಕೊಳ್ಳುವವನು ತನ್ನ ಪ್ರಾಣವನ್ನೇ ಪಣಕ್ಕೊಡ್ಡುತ್ತಾನೆ.

ಹಾಗೆಂದು ಗಿಡದಲ್ಲಿರುವುದು ಅಲ್ಪವೆಂದು ಉಪೇಕ್ಷಿಸುವುದೂ ಸಲ್ಲದು. ಆಸ್ಪಿರಿನ್ ಸೇವಿಸಿದರೆ ಉಬ್ಬಸ ಕೆರಳುವವರು, ಮೈಮೇಲೆ ಗಂಧೆಗಳು ಏಳುವವರು ಉಂಟಷ್ಟೆ. ಸ್ಯಾಲಿಸಿಲೇಟುಗಳೆಂಬ ಈ ವರ್ಗದ ವಸ್ತುಗಳು ಒಗ್ಗದ ಅಂಥವರು ಈ ಮೂಲಿಕೆಯನ್ನು ಮುಟ್ಟಕೂಡದು. ರಷ್ಯದ ಸಂಶೋಧಕರು ಈ ಹೂವಿನಲ್ಲಿ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ, ಹೆಪಾರಿನ್ನನ್ನು ಹೋಲುವ ವಸ್ತುವೊಂದನ್ನು ಗುರುತಿಸಿದ್ದಾರೆ. ಬಟ್ಟಲಿನ ಕಷಾಯದಲ್ಲಿ ಅದರ ಪ್ರಭಾವ ಎಷ್ಟೇ ಇರಲಿ, ವಾರ್ಫರಿನ್ ಮೊದಲಾದ ರಕ್ತ ತೆಳುಮಾಡುವ ಔಷಧಗಳನ್ನು ಸೇವಿಸುವವರೂ, ಶಸ್ತ್ರಚಿಕಿತ್ಸೆಗೆ ಸಿದ್ಧರಾಗುತ್ತಿರುವವರೂ ದೂರವಿರುವುದೇ ವಿವೇಕ. ಗರ್ಭಿಣಿಯರಿಗೂ ಹಾಲೂಡಿಸುವ ತಾಯಂದಿರಿಗೂ ಇದು ನಿರಪಾಯವೆಂದು ತೋರಿಸುವ ಪರೀಕ್ಷೆಗಳು ನಡೆದಿಲ್ಲವಾದ್ದರಿಂದ ಅವರಿಗೂ ಇದೇ ಮಾತು.

ಮಕ್ಕಳ ವಿಷಯವನ್ನು ನಾನು ಬೇರೆಯಾಗಿಯೇ ಹೇಳಬೇಕು. ಆಸ್ಟ್ರೇಲಿಯದ ರೋಗವಿಜ್ಞಾನಿ ಡಗ್ಲಸ್ ರೇ 1963ರಲ್ಲಿ, ಶೀತಜ್ವರವೋ ಸೀತಾಳೆಸಿಡುಬೋ ಬಂದು ವಾಸಿಯಾಗುತ್ತಿದ್ದ ಮಕ್ಕಳಲ್ಲಿ ಇದ್ದಕ್ಕಿದ್ದಂತೆ ಎಡೆಬಿಡದ ವಾಂತಿ, ಪ್ರಜ್ಞಾಹೀನತೆ, ಮಿದುಳಿನ ಊತ, ಯಕೃತ್ತಿನ ಕೇಡು ಕಾಣಿಸಿಕೊಳ್ಳುವ ವ್ಯಾಧಿಯೊಂದನ್ನು ವರ್ಣಿಸಿದನು. ಆ ಜ್ವರದಲ್ಲಿ ಕೊಟ್ಟ ಆಸ್ಪಿರಿನ್ನಿಗೂ ಈ ವ್ಯಾಧಿಗೂ ಸಂಬಂಧವಿದೆಯೆಂಬುದು 1980ರ ದಶಕದ ಆದಿಯಲ್ಲಿ ಗೊತ್ತಾಯಿತು. ಅಮೆರಿಕದಲ್ಲಿ 1980ರಲ್ಲಿ ಒಂದೇ ವರ್ಷ 555 ಪ್ರಕರಣಗಳು ವರದಿಯಾಗಿದ್ದವು. ಮಕ್ಕಳಿಗೆ ಆಸ್ಪಿರಿನ್ ಕೊಡಬೇಡಿರೆಂಬ ಎಚ್ಚರಿಕೆ ಮನೆಮನೆಗೂ ಮುಟ್ಟಿದ ಮೇಲೆ, 1987ರಿಂದೀಚೆಗೆ ವರ್ಷಕ್ಕೆ 36ನ್ನು ಅದು ಮೀರಲಿಲ್ಲ. ಮೆಡೋಸ್ವೀಟಿನಿಂದಲೇ ಇಂಥದಾಯಿತೆಂದು ನಾನು ಹೇಳುತ್ತಿಲ್ಲ. ಆದರೆ ಒಂದೇ ವರ್ಗಕ್ಕೆ ಸೇರಿದ ವಸ್ತುವನ್ನು, ಬೇರೆ ನಿರಪಾಯವಾದ ಉಪಾಯಗಳಿರುವಾಗ, ಜ್ವರದ ಮಗುವಿನ ಬಾಯಿಗೆ ಹಾಕುವ ಹಕ್ಕು ಯಾವ ಪರಂಪರೆಗೂ ಇಲ್ಲ. ಯೂರೋಪಿನ ಔಷಧ ನಿಯಂತ್ರಣ ಸಂಸ್ಥೆಯ ಮೂಲಿಕಾಸಮಿತಿಯೂ ಇದರ ಬಳಕೆಯನ್ನು 18 ವರ್ಷ ತುಂಬಿದವರಿಗೆ ಸೀಮಿತಗೊಳಿಸಿದೆ.

ಆ ಸಮಿತಿಯ ಮಾತನ್ನು ಸರಿಯಾಗಿ ಅರ್ಥಮಾಡಿಕೊಳ್ಳಬೇಕಾದ ಅಗತ್ಯವಿದೆ. ನೆಗಡಿ ಶೀತಗಳಲ್ಲಿ ಸಹಾಯಕವಾಗಿ, ಅಲ್ಪಸ್ವಲ್ಪ ಕೀಲುನೋವಿನ ಶಮನಕ್ಕಾಗಿ, ಮೆಡೋಸ್ವೀಟನ್ನು ‘ಪಾರಂಪರಿಕ ಬಳಕೆಯ’ ಔಷಧವಾಗಿ ಅದು ಒಪ್ಪಿದೆ. 2004ರ ಯೂರೋಪಿಯನ್ ಶಾಸನದ ಪ್ರಕಾರ ಈ ಮನ್ನಣೆಗೆ ಬೇಕಾದದ್ದು 30 ವರ್ಷಗಳ ಬಳಕೆಯ ದಾಖಲೆ, ಅದರಲ್ಲಿ 15 ವರ್ಷವಾದರೂ ಯೂರೋಪಿನ ಒಕ್ಕೂಟದೊಳಗಿನದು, ಮತ್ತು ಆ ಬಳಕೆಯಲ್ಲಿ ಹಾನಿ ಕಂಡುಬಂದಿಲ್ಲವೆಂಬ ಸಮಾಧಾನ. ರೋಗಿಗಳನ್ನು ಎರಡು ಗುಂಪುಮಾಡಿ ನಡೆಸಿದ ಪರೀಕ್ಷೆಯ ಫಲವಲ್ಲ. ಅಂದರೆ ಪೊಟ್ಟಣದ ಮೇಲಿನ ಆ ಮುದ್ರೆ ‘ಜನ ಬಳಸಿದ್ದಾರೆ’ ಎಂದು ಸಾರುತ್ತದೆ; ‘ಗುಣವಾಗುತ್ತದೆ’ ಎಂದು ಪ್ರಮಾಣ ಮಾಡುವುದಿಲ್ಲ. ಇದನ್ನು ನಾನು ಪ್ರಾಮಾಣಿಕವಾದ ವ್ಯವಸ್ಥೆಯೆಂದೇ ಮೆಚ್ಚುತ್ತೇನೆ. ಕೊಳ್ಳುವವನು ಎರಡನ್ನೂ ಒಂದೆಂದು ಬಗೆಯದಿದ್ದರಾಯಿತು.

ಹೊಟ್ಟೆಯ ವಿಷಯದಲ್ಲಿ ಮೂಲಿಕಾವೈದ್ಯರ ಪ್ರಿಯವಾದ ವಾದವೊಂದಿದೆ: ಆಸ್ಪಿರಿನ್ ಹೊಟ್ಟೆಯನ್ನು ಕೆಡಿಸಿದರೆ, ಟ್ಯಾನಿನ್ ಮುಂತಾದವುಗಳಿಂದ ಕೂಡಿದ ಇಡೀ ಗಿಡವು ಅದನ್ನು ಕಾಪಾಡುತ್ತದೆಯೆಂಬುದು. ವಾದ ಸುಂದರವಾಗಿದೆ, ಪ್ರಯೋಗಶಾಲೆಯ ಪ್ರಾಣಿಗಳ ಮೇಲೆ ನಡೆದ ಕೆಲವು ಪರೀಕ್ಷೆಗಳು ಅದಕ್ಕೆ ಒಂದಿಷ್ಟು ಬೆಂಬಲವನ್ನೂ ಕೊಟ್ಟಿವೆ. ಮನುಷ್ಯರ ಹುಣ್ಣು ಇದರಿಂದ ಮಾಗುವುದೆಂಬುದಕ್ಕೆ ಮಾತ್ರ ನಂಬತಕ್ಕ ಆಧಾರವಿಲ್ಲ. ಜಠರದಲ್ಲಿ ಹುಣ್ಣಿರುವವರು ಈ ಸೌಂದರ್ಯಕ್ಕೆ ಮರುಳಾಗಬಾರದು.

ಇಂಗ್ಲೆಂಡಿನಲ್ಲೋ ಜರ್ಮನಿಯಲ್ಲೋ ನೆಲಸಿರುವ ನಮ್ಮವರು ಊರಿಗೆ ಬರುವಾಗ ಇಂಥ ಮೂಲಿಕೆಗಳ ಚಹಾಪೊಟ್ಟಣವನ್ನು ಅಕ್ಕರೆಯಿಂದ ತಂದುಕೊಡುವುದುಂಟು. ಮಳೆಗಾಲದಲ್ಲಿ ಡೆಂಗಿ ಹರಡುವ ನಮ್ಮ ಪಟ್ಟಣಗಳಲ್ಲಿ, ಕಾರಣ ತಿಳಿಯದ ಜ್ವರಕ್ಕೆ ಆಸ್ಪಿರಿನ್ ಕೂಡದೆಂದು ವೈದ್ಯರು ಕಟ್ಟುನಿಟ್ಟಾಗಿ ಹೇಳುವುದು ರಕ್ತಸ್ರಾವದ ಭಯದಿಂದ. ಆ ಜ್ವರದಲ್ಲಿ ಈ ಪೊಟ್ಟಣವನ್ನೂ ಬಿಚ್ಚದೆ ಕಪಾಟಿನಲ್ಲಿಯೇ ಇಟ್ಟಿರುವುದು ಲೇಸು. ಸ್ಯಾಲಿಸಿಲೇಟುಗಳ ಶಕ್ತಿ ಎಂಥದೆಂಬುದನ್ನು ಅರಿಯಲು ದೂರ ಹೋಗಬೇಕಾದ್ದಿಲ್ಲ. ನಮ್ಮ ನೆರೆಯ ನೀಲಗಿರಿಯ ಎತ್ತರಗಳಲ್ಲಿ ಬೆಳೆಯುವ ಗಾಲ್ತೀರಿಯ ಎಂಬ ಪೊದೆಯ ಎಲೆಯಿಂದ ಇಳಿಸುವ ವಿಂಟರ್‌ಗ್ರೀನ್ ಎಣ್ಣೆ ಬಹುಮಟ್ಟಿಗೆ ಮಿಥೈಲ್ ಸ್ಯಾಲಿಸಿಲೇಟೇ. ಮೊಣಕಾಲಿಗೆ ತಿಕ್ಕುವ ಮುಲಾಮುಗಳಲ್ಲಿ ಹಿತವಾಗಿರುವ ಆ ಎಣ್ಣೆಯ ಒಂದು ಚಹಾ ಚಮಚೆಯಲ್ಲಿ, ಅಂದರೆ 5 ಮಿಲಿಲೀಟರಿನಲ್ಲಿ, ಸುಮಾರು 7 ಗ್ರಾಮ್ ಆಸ್ಪಿರಿನ್ನಿಗೆ ಸಮನಾದ ಸ್ಯಾಲಿಸಿಲೇಟ್ ಇದೆ. ಚಿಕ್ಕ ಮಗುವಿನ ಪ್ರಾಣ ತೆಗೆಯಲು ಅಷ್ಟು ಸಾಕು. ಮೆಡೋಸ್ವೀಟಿನ ಬಟ್ಟಲಿನಲ್ಲಿ ಇರುವುದು ಇದರ ಅತ್ಯಲ್ಪ ಭಾಗ ಮಾತ್ರ. ಔಷಧ ವಿಷಗಳೆರಡೂ ಒಂದೇ ವಸ್ತುವಿನ ಪ್ರಮಾಣಭೇದಗಳಾಗಿರುವಲ್ಲಿ, ‘ಗಿಡದ್ದು’ ಎಂಬ ಮಾತು ಯಾವ ಅಭಯವನ್ನೂ ಕೊಡಲಾರದು.

ತಾವೇ ಹೂ ಕೊಯ್ದುತರುವ ಉತ್ಸಾಹವುಳ್ಳವರಿಗೆ ಗಾವಲಿನಲ್ಲಿಯೇ ಇನ್ನೊಂದು ಅಪಾಯ ಕಾದಿರುತ್ತದೆ. ಮೆಡೋಸ್ವೀಟ್ ಬೆಳೆಯುವ ಕಾಲುವೆಗಳಲ್ಲಿಯೇ ಹೆಮ್ಲಾಕ್ ವಾಟರ್‌ಡ್ರಾಪ್‌ವರ್ಟ್ ಎಂಬ, ಬ್ರಿಟನ್ನಿನ ಅತಿ ಘೋರವಾದ ವಿಷಸಸ್ಯಗಳಲ್ಲಿ ಒಂದೂ ಬಿಳಿ ಹೂ ಬಿಟ್ಟು ನಿಲ್ಲುತ್ತದೆ. ಅದರ ಹೂಗಳು ಕೊಡೆಯ ಕಡ್ಡಿಗಳಂತೆ ಒಂದೇ ಬಿಂದುವಿನಿಂದ ಹರಡಿರುತ್ತವೆ, ಎಲೆಯ ತಳ ಬಿಳಿಯಾಗಿರುವುದಿಲ್ಲ; ಆದರೂ ಕತ್ತಿಯಿಂದ ಹಿಡಿಹಿಡಿಯಾಗಿ ಕೊಯ್ಯುವವನ ಕೈಗೆ ಎರಡೂ ಕೂಡಿ ಬರುವುದು ಅಸಂಭವವಲ್ಲ. ರಸ್ತೆಬದಿಯ ಮೋರಿಗಳ ಗಿಡವಾದರೆ ವಾಹನಗಳ ಕಸರೂ ಅದರಲ್ಲಿರುತ್ತದೆ. ಇಷ್ಟಕ್ಕೂ ಕೊಯ್ಯಲು ಗಾವಲುಗಳೇ ಉಳಿದಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್ ಪ್ರದೇಶಗಳು 1930ರ ದಶಕದಿಂದ ಈಚೆಗೆ ಹೂವಿನಿಂದ ತುಂಬಿದ ತಮ್ಮ ಹಳೆಯ ಹುಲ್ಲುಗಾವಲುಗಳಲ್ಲಿ ನೂರಕ್ಕೆ 97 ಪಾಲನ್ನು ನೇಗಿಲಿಗೂ ರಸಗೊಬ್ಬರಕ್ಕೂ ಒಪ್ಪಿಸಿವೆ. ಕಾಲುವೆಯ ಅಂಚಿನಲ್ಲಿಯೂ ಬದುಕಬಲ್ಲ ಗಟ್ಟಿಗಿಡವಾದ್ದರಿಂದ ಮೆಡೋಸ್ವೀಟ್ ಉಳಿದುಕೊಂಡಿದೆ, ಅದರ ಸಂಗಾತಿಗಳಾದ ಎಷ್ಟೋ ಗಿಡಗಳು ಆ ನೆಲಗಳಿಂದ ಅಳಿದುಹೋಗಿವೆ. ಆ ನಷ್ಟವನ್ನು ನೆನೆದಾಗ ನನಗೆ ನಿಜವಾಗಿ ವ್ಯಥೆಯಾಗುತ್ತದೆ.

ಆರೋಗ್ಯವಂತನಾದ ವಯಸ್ಕನೊಬ್ಬ, ಬೇರೆ ಔಷಧಗಳ ಹಂಗಿಲ್ಲದವನು, ನೆಗಡಿಯ ಸಂಜೆ ಒಂದು ಬಟ್ಟಲು ಹೂವಿನ ಕಷಾಯವನ್ನು ಕುಡಿದು ಹಿತವಾಗಿ ಮಲಗಿದರೆ ಅದರಲ್ಲಿ ಆಕ್ಷೇಪಿಸತಕ್ಕದ್ದೇನೂ ಇಲ್ಲ. ಕೀಲುನೋವಿನ ಜೊತೆಗೆ ಕೀಲು ಊದಿ ಕೆಂಪೇರಿದರೆ, ಜ್ವರವೂ ಕಂಡರೆ, ಅದು ವೈದ್ಯನ ಕೆಲಸವೆಂದು ಯೂರೋಪಿನ ಆ ಸಮಿತಿಯೇ ಹೇಳಿದೆ. ಈ ಮಾತಿನ ಹಿಂದೆ ಒಂದು ದೊಡ್ಡ ಅನುಭವವಿದೆ. ಸ್ಕಾಟ್ಲೆಂಡಿನ ಡಂಡೀ ನಗರದ ವೈದ್ಯ ಥಾಮಸ್ ಮ್ಯಾಕ್ಲಗನ್ 1876ರಲ್ಲಿ, ಕೀಲುಗಳು ಊದಿ ಜ್ವರ ಏರುವ ರ‍್ಯೂಮ್ಯಾಟಿಕ್ ಜ್ವರಕ್ಕೆ ವಿಲ್ಲೋ ತೊಗಟೆಯ ಸ್ಯಾಲಿಸಿನ್ನನ್ನು ಕೊಟ್ಟು, ನೋವೂ ಜ್ವರವೂ ಬೇಗನೆ ಇಳಿದುದನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದನು, ವೈದ್ಯಲೋಕ ಸಂತೋಷಪಟ್ಟಿತು. ಆದರೆ ಆ ಜ್ವರ ಕೀಲುಗಳನ್ನು ಬಿಟ್ಟುಹೋದರೂ ಹೃದಯದ ಕವಾಟಗಳನ್ನು ಕೆಡಿಸಿಹೋಗುತ್ತದೆಯೆಂಬುದೂ, ಸ್ಯಾಲಿಸಿಲೇಟುಗಳು ಆ ಕೇಡನ್ನು ತಡೆಯಲಾರವೆಂಬುದೂ ಕಾಲಕ್ರಮದಲ್ಲಿ ತಿಳಿದುಬಂದವು. ಗಂಟಲಿನ ಸ್ಟ್ರೆಪ್ಟೊಕಾಕಸ್ ಸೋಂಕಿನ ಬೆನ್ನಿಗೆ ಬರುವ ಈ ವ್ಯಾಧಿ ಮರುಕಳಿಸದಂತೆ ಕಾಯುವುದು ವರ್ಷಗಟ್ಟಲೆ ತಪ್ಪದೆ ತೆಗೆದುಕೊಳ್ಳುವ ಪೆನಿಸಿಲಿನ್ ಚುಚ್ಚುಮದ್ದು. ಯೂರೋಪಿನಲ್ಲಿ ಅಪರೂಪವಾಗಿಹೋಗಿರುವ ಈ ಜ್ವರ ಭಾರತದ ಬಡಮಕ್ಕಳ ಹೃದಯವನ್ನು ಇಂದಿಗೂ ಕೆಡಿಸುತ್ತಿದೆ. ಶಾಲೆಗೆ ಹೋಗುವ ಮಗುವೊಂದಕ್ಕೆ ಗಂಟಲುನೋವಾಗಿ, ಎರಡು ಮೂರು ವಾರಗಳ ಮೇಲೆ ಮೊಣಕಾಲೋ ಹರಡುಗಂಟೋ ಊದಿ, ನೋವು ಒಂದು ಕೀಲಿನಿಂದ ಇನ್ನೊಂದಕ್ಕೆ ಹಾರುತ್ತಿದ್ದರೆ, ಕಷಾಯವನ್ನೂ ಮುಲಾಮನ್ನೂ ಬದಿಗಿಟ್ಟು ಆ ದಿನವೇ ಆಸ್ಪತ್ರೆಗೆ ಕರೆದೊಯ್ದು, ಹೃದಯವನ್ನು ಪರೀಕ್ಷಿಸಿರೆಂದು ವೈದ್ಯರನ್ನು ಕೇಳಬೇಕು.